ಬಾಲಗೃಹ ಬಿಡುವ ಹದಿನೆಂಟರ ಮಕ್ಕಳು: ಯಾವ ಹಣ, ಯಾವ ಖೋಲಿ, ಯಾರ ಆಸರೆ

ಮುಂಬಯಿ, ಪುಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವು ಅಂಕಿಗಳು ಸುತ್ತುತ್ತಲೇ ಇರುತ್ತವೆ. ತಂದೆತಾಯಿ ಇಲ್ಲದ ಮಕ್ಕಳಿಗೆ ಸರ್ಕಾರ ತಿಂಗಳಿಗೆ 4,000 ರೂಪಾಯಿ ಕೊಡುತ್ತದಂತೆ. ಇಲ್ಲ, 2,250 ಅಂತೆ. ಅದೂ ಅಲ್ಲ, ಒಟ್ಟಿಗೆ 10 ಲಕ್ಷವಂತೆ. ನೌಕರಿಯಲ್ಲಿ ಶೇ 1 ಮೀಸಲಾತಿಯೂ ಇದೆಯಂತೆ. ಈ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದೊಂದೂ ಬೇರೆ ಬೇರೆ ಮಕ್ಕಳಿಗೆ, ಬೇರೆ ಬೇರೆ ವಯಸ್ಸಿಗೆ ಸೇರಿದ್ದು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಓದಿದವರಿಗೆ, ಬಾಲಗೃಹದಿಂದ ಹೊರಬರುವ ಹದಿನೆಂಟರ ಹುಡುಗನ ಕೈ ತುಂಬಿದೆ ಎಂಬ ಭಾವನೆ ಬರುತ್ತದೆ. ನಿಜದಲ್ಲಿ ಅವನ ಕೈಯಲ್ಲಿರುವುದು ಒಂದು ಚೀಲ, ಶಾಲೆಯ ದಾಖಲೆ ಮತ್ತು ಇನ್ನು ತನ್ನದಲ್ಲದ ವಿಳಾಸ ಬರೆದ ಆಧಾರ್ ಕಾರ್ಡು.

ಸಮಸ್ಯೆಯ ಬೇರು ಹಣದ ಮೊತ್ತದಲ್ಲಿ ಅಷ್ಟಾಗಿ ಇಲ್ಲ. ಆ ಹಣ ಕೈಗೆ ಬರಲು ಬೇಕಾದ ಕೆಲಸ ಯಾವಾಗ ಶುರುವಾಗುತ್ತದೆ, ಅದನ್ನು ಯಾರು ಹೊತ್ತು ನಡೆಸುತ್ತಾರೆ ಎಂಬಲ್ಲಿದೆ.

ಅಂಕಿ ಯಾರದ್ದು, ಯಾವಾಗಿನದ್ದು

ಮೊದಲು 2,250. ಇದು ಮಹಾರಾಷ್ಟ್ರ ಸರ್ಕಾರದ ಬಾಲಸಂಗೋಪನ ಯೋಜನೆಯ ಮಾಸಿಕ ನೆರವು. ಯೋಜನೆಗೆ ಈಗ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆಯವರ ಹೆಸರಿದೆ. ಇದು ಬಾಲಗೃಹದಂಥ ಸಂಸ್ಥೆಯಲ್ಲಿರುವ ಮಗುವಿಗಲ್ಲ. ಅಜ್ಜಿ, ಸೋದರಮಾವ, ಒಂಟಿ ತಾಯಿ, ಹೀಗೆ ಯಾವುದಾದರೂ ಕುಟುಂಬದಲ್ಲಿ ಬೆಳೆಯುತ್ತಿರುವ ಮಗುವಿಗೆ. 18 ತುಂಬಿದರೆ ನಿಂತಿತು.

4,000ದ ಗೊಂದಲ ಇನ್ನೂ ಹೆಚ್ಚು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಇದೇ ಮೊತ್ತ ಎರಡು ಕಡೆ ಬರುತ್ತದೆ. ಒಂದು, ಪ್ರಾಯೋಜಕತ್ವ: ಕುಟುಂಬದಲ್ಲೇ ಇರುವ, 18ರೊಳಗಿನ ಮಗುವಿಗೆ. ಇನ್ನೊಂದು, ಅನುಪಾಲನೆ: 18 ತುಂಬಿ ಸಂಸ್ಥೆ ಬಿಟ್ಟವರಿಗೆ. ಹೆಸರು ಬೇರೆ, ಅರ್ಜಿ ಬೇರೆ, ಮೊತ್ತ ಮಾತ್ರ ಒಂದೇ. ಹೀಗಾಗಿ ಒಂದನ್ನು ಪಡೆಯುತ್ತಿದ್ದವರಿಗೆ ಇನ್ನೊಂದು ತಾನಾಗಿಯೇ ಮುಂದುವರಿಯುತ್ತದೆ ಎಂದು ಅನ್ನಿಸುವುದು ಸಹಜ. ಅದು ಮುಂದುವರಿಯುವುದಿಲ್ಲ.

5 ಲಕ್ಷ ಮತ್ತು 10 ಲಕ್ಷ ಕೋವಿಡ್ ಕಾಲದ ಮಾತು. ಆ ಅವಧಿಯಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳ ಹೆಸರಿನಲ್ಲಿ ಮಹಾರಾಷ್ಟ್ರ ಸರ್ಕಾರ 2021ರಲ್ಲಿ 5 ಲಕ್ಷ ರೂಪಾಯಿ ಠೇವಣಿ ಇಡಲು ತೀರ್ಮಾನಿಸಿತು; ಅದು ಬಡ್ಡಿಯೊಂದಿಗೆ ಸಿಗುವುದು 21ಕ್ಕೆ. ಪಿಎಂ ಕೇರ್ಸ್ ಯೋಜನೆಯ 10 ಲಕ್ಷ ಸಿಗುವುದು 23ಕ್ಕೆ. 18ರಿಂದ 23ರವರೆಗೆ ಆ ಮೊತ್ತದ ಆದಾಯ ಮಾತ್ರ ತಿಂಗಳ ಭತ್ಯೆಯಾಗಿ ಬರುತ್ತದೆ. ಕೋವಿಡ್‌ಗಿಂತ ಹಿಂದೆ ಕ್ಷಯದಿಂದಲೋ ಅಪಘಾತದಲ್ಲೋ ತಂದೆತಾಯಿ ತೀರಿಕೊಂಡ ಮಗುವಿಗೆ ಈ ಎರಡೂ ಇಲ್ಲ.

ಇನ್ನು ಶೇ 1. ಮಹಾರಾಷ್ಟ್ರ 2018ರಲ್ಲಿ ಅನಾಥರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಈ ಸಮಾಂತರ ಮೀಸಲಾತಿ ತಂದಿತು. ಆಮೇಲೆ ನಿಯಮಗಳನ್ನು ತಿದ್ದಿ, ಸಂಸ್ಥೆಯಲ್ಲಿ ಬೆಳೆದವರು, ಬಂಧುಗಳ ಬಳಿ ಬೆಳೆದವರು ಎಂದು ವಿಂಗಡಿಸಿತು. ಇದಕ್ಕೆ ಮಹಿಳಾ ಮತ್ತು ಬಾಲವಿಕಾಸ ಇಲಾಖೆಯ ಅನಾಥ ಪ್ರಮಾಣಪತ್ರ ಬೇಕು. ಆ ಇಲಾಖೆಯ ಆಯುಕ್ತಾಲಯ ಇರುವುದು ಪುಣೆಯಲ್ಲಿ. 18 ತುಂಬುವ ಮೊದಲೇ ತಂದೆತಾಯಿ ಇಬ್ಬರೂ ಇಲ್ಲವಾಗಿರಬೇಕು ಎಂಬುದು ಇಲ್ಲಿನ ಮುಖ್ಯ ಷರತ್ತು. ಬಾಲಗೃಹಗಳ ಅನೇಕ ಮಕ್ಕಳಿಗೆ ತಾಯಿಯೋ ತಂದೆಯೋ ಒಬ್ಬರು ಎಲ್ಲೋ ಇದ್ದಾರೆ: ಕಾಯಿಲೆಯಲ್ಲಿ, ಜೈಲಿನಲ್ಲಿ, ಕುಡಿತದಲ್ಲಿ, ಅಥವಾ ಇನ್ನೊಂದು ಸಂಸಾರದಲ್ಲಿ. ಕಾಗದದ ಮೇಲೆ ಆ ಮಕ್ಕಳು ಅನಾಥರಲ್ಲ.

‘ನೀಡಬಹುದು’ ಎಂಬ ಪದ

ಬಾಲನ್ಯಾಯ ಕಾಯ್ದೆ 2015ರಲ್ಲಿ ಅನುಪಾಲನೆಯ ವ್ಯಾಖ್ಯೆ ಇದೆ: 18 ತುಂಬಿ 21 ತುಂಬದ, ಸಂಸ್ಥೆಯ ಆಶ್ರಯ ಬಿಟ್ಟ ವ್ಯಕ್ತಿಗೆ ಸಮಾಜದಲ್ಲಿ ನೆಲೆ ನಿಲ್ಲಲು ಕೊಡುವ ಹಣದ ಅಥವಾ ಬೇರೆ ರೀತಿಯ ನೆರವು. ‘ಸಂಸ್ಥೆ ಬಿಟ್ಟ’ ಎಂಬ ಮಾತನ್ನು ಗಮನಿಸಬೇಕು. ಚಿಕ್ಕಮ್ಮನ ಮನೆಯಲ್ಲಿ ಬಾಲಸಂಗೋಪನದ ಹಣದಿಂದ ಬೆಳೆದ ಹುಡುಗಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. 18 ತುಂಬಿದ ತಿಂಗಳು ಅವಳ 2,250 ನಿಲ್ಲುತ್ತದೆ, 4,000 ಶುರುವಾಗುವುದಿಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದಕ್ಕಿಂತ ಕುಟುಂಬದಲ್ಲಿ ಬೆಳೆಸುವುದು ಮೇಲು ಎಂದು ಇದೇ ಕಾಯ್ದೆ ಹೇಳುತ್ತದೆ. ಕುಟುಂಬದಲ್ಲಿ ಬೆಳೆದವರಿಗೆ ಹದಿನೆಂಟರಾಚೆ ಏನೂ ಇಲ್ಲದಿರುವುದು ಆ ಮಾತಿಗೆ ನೇರ ವಿರುದ್ಧ. ಇದು ತಿದ್ದಬೇಕಾದ ದೋಷ.

ಕಾಯ್ದೆಯ 46ನೇ ಕಲಂ, 18 ತುಂಬಿ ಹೊರಡುವವರಿಗೆ ಹಣಕಾಸಿನ ನೆರವು ‘ನೀಡಬಹುದು’ ಎನ್ನುತ್ತದೆ. ‘ನೀಡತಕ್ಕದ್ದು’ ಎನ್ನುವುದಿಲ್ಲ. ಈ ಒಂದು ಕ್ರಿಯಾಪದದಿಂದಲೇ ಅನುದಾನ ಮುಗಿದಾಗ, ಸಿಬ್ಬಂದಿ ಇಲ್ಲದಾಗ, ಅರ್ಜಿ ತಡವಾದಾಗ ‘ಆಗುವುದಿಲ್ಲ’ ಎಂದುಬಿಡುವುದು ಸುಲಭ.

ಆದರೆ 2016ರ ಮಾದರಿ ನಿಯಮಗಳಲ್ಲಿ ಮತ್ತೊಂದು ಮುಖ ಕಾಣುತ್ತದೆ. 25ನೇ ನಿಯಮದ ಪ್ರಕಾರ ಶಿಕ್ಷಣ, ಕೌಶಲ, ಕೆಲಸ ಮತ್ತು ವಾಸದ ಕಾರ್ಯಕ್ರಮ ರೂಪಿಸುವುದು ರಾಜ್ಯದ ಕರ್ತವ್ಯ. ಅನುಪಾಲನೆಗೆ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಕಾನೂನಿನ ಸಂಘರ್ಷಕ್ಕೆ ಸಿಕ್ಕ, ಅಂದರೆ ಅಪರಾಧದ ಆರೋಪಕ್ಕೆ ಒಳಗಾದ ಮಕ್ಕಳಾದರೆ ಬಾಲನ್ಯಾಯ ಮಂಡಳಿ ಅಥವಾ ಮಕ್ಕಳ ನ್ಯಾಯಾಲಯ. ಆದೇಶದ ನಮೂನೆ 37. ಅವಧಿ 21ರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ. ಹಣ ನೇರ ಬ್ಯಾಂಕ್ ಖಾತೆಗೆ. ಆರರಿಂದ ಎಂಟು ಜನ ಒಟ್ಟಿಗಿರುವ ತಾತ್ಕಾಲಿಕ ಗುಂಪುಮನೆ, ತರಬೇತಿಯ ಅವಧಿಯಲ್ಲಿ ಭತ್ಯೆ, ಸಂಪರ್ಕದಲ್ಲಿರುವ ಆಪ್ತಸಲಹೆಗಾರ, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು, ಎಲ್ಲವೂ ಅಲ್ಲಿ ಬರೆದಿದೆ. ಮಹಾರಾಷ್ಟ್ರ 2018ರಲ್ಲಿ ತನ್ನದೇ ನಿಯಮಗಳನ್ನು ಹೊರಡಿಸಿತು. 18 ದಾಟಿದವರು ಉಳಿಯುವ ಗೃಹಕ್ಕೆ ಕರ್ನಾಟಕದಲ್ಲಿ ‘ಅನುಪಾಲನಾ ಗೃಹ’ ಎಂದರೆ ಇಲ್ಲಿನ ಕಚೇರಿಗಳಲ್ಲಿ ‘ಅನುರಕ್ಷಣ ಗೃಹ’ ಎನ್ನುತ್ತಾರೆ. ಕರ್ನಾಟಕದ ಶಬ್ದ ಹಿಡಿದು ವಿಚಾರಿಸಿದರೆ ಕಿಟಕಿಯ ಆಚೆ ಇರುವವರಿಗೆ ತಿಳಿಯದೇ ಹೋಗಬಹುದು.

ಎರಡು ತಿಂಗಳ ಗಡುವು

ಮಗು ಸಂಸ್ಥೆ ಬಿಡುವುದಕ್ಕೆ ಎರಡು ತಿಂಗಳು ಮೊದಲೇ ಪ್ರೊಬೇಷನ್ ಅಧಿಕಾರಿ, ಮಕ್ಕಳ ಕಲ್ಯಾಣ ಅಧಿಕಾರಿ ಅಥವಾ ಕೇಸ್ ವರ್ಕರ್ ಬಿಡುಗಡೆಯ ನಂತರದ ಯೋಜನೆಯನ್ನು ಸಮಿತಿಗೆ ಸಲ್ಲಿಸಬೇಕು. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ದಿನಾಂಕದ ಮೇಲೆ. ಅದು ತಪ್ಪಿದರೆ ಒಂದರ ಹಿಂದೆ ಒಂದು ತಪ್ಪುತ್ತವೆ. ಯೋಜನೆ ಇಲ್ಲದಿದ್ದರೆ ಸಮಿತಿಗೆ ಆದೇಶ ಮಾಡಲು ಆಧಾರವಿಲ್ಲ. ಆದೇಶವಿಲ್ಲದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹಣ ಬಿಡುವಂತಿಲ್ಲ. ಹಣವಿಲ್ಲದ ಹುಡುಗ ಸಿಕ್ಕ ಕೆಲಸ ಹಿಡಿದು ಊರು ಬದಲಿಸುತ್ತಾನೆ, ಫೋನ್ ನಂಬರ್ ಬದಲಾಗುತ್ತದೆ. ಆಮೇಲೆ ಆದೇಶ ಬಂದರೂ ತಲುಪಿಸಬೇಕಾದವನು ಸಿಗುವುದಿಲ್ಲ.

ಗಡುವು ಯಾಕೆ ತಪ್ಪುತ್ತದೆ? ಮುಖ್ಯ ಕಾರಣ ಹುಟ್ಟಿದ ದಿನ. ಕಾಯ್ದೆಯ 94ನೇ ಕಲಮಿನಂತೆ ವಯಸ್ಸಿಗೆ ಮೊದಲು ಶಾಲೆಯ ಅಥವಾ ಮೆಟ್ರಿಕ್ ದಾಖಲೆ, ಅದಿಲ್ಲದಿದ್ದರೆ ನಗರಪಾಲಿಕೆ ಅಥವಾ ಪಂಚಾಯ್ತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಮಗುವಿನ ಕಡತದಲ್ಲಿ ಒಂದು ದಿನಾಂಕ, ಆಮೇಲೆ ಸೇರಿಸಿದ ಶಾಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇರುವುದುಂಟು. ಇವುಗಳಲ್ಲಿ ಯಾವುದು 18 ಎಂಬುದೇ ತೀರ್ಮಾನವಾಗದೆ ಕಡತ ಕುಳಿತಿರುತ್ತದೆ. ಈ ಹೊಂದಾಣಿಕೆಗೆ 17ನೇ ವರ್ಷ ತಡವಾಯಿತು, 15ಕ್ಕೇ ಶುರುಮಾಡಬೇಕು. ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕಾದ ವಯಸ್ಸೂ 15ರದ್ದೇ ಆದ್ದರಿಂದ ಎರಡನ್ನೂ ಒಟ್ಟಿಗೆ ಮುಗಿಸಬಹುದು. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಶಾಲೆಯ ದಾಖಲೆ ಸರಿಯಾಗುವ ಮೊದಲೇ ಅದನ್ನು ಬಳಸಿಬಿಟ್ಟರೆ ಮುಂದೆ ಪೇಚಾಟ.

ಬ್ಯಾಂಕಿನಲ್ಲೂ ಹೀಗೇ ಆಗುತ್ತದೆ. ಅಪ್ರಾಪ್ತ ವಯಸ್ಸಿನಲ್ಲಿ ತೆರೆದ ಖಾತೆಗೆ 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಬೇಕು. ಅದು ಆಗುವವರೆಗೆ ಖಾತೆಗೆ ಬಂದ ಹಣ ತೆಗೆಯಲಾಗದ ಸ್ಥಿತಿ ಬರಬಹುದು. ಕೆವೈಸಿಗೆ ವಿಳಾಸ ಬೇಕು, ವಿಳಾಸಕ್ಕೆ ಬಾಡಿಗೆ ಕರಾರು ಬೇಕು, ಕರಾರಿಗೆ ಡಿಪಾಸಿಟ್ ಬೇಕು, ಡಿಪಾಸಿಟ್ ಇರುವುದು ತೆಗೆಯಲಾಗದ ಆ ಖಾತೆಯಲ್ಲೇ. ಈ ಗಂಟು ಬಿಚ್ಚುವ ದಾರಿ ಒಂದಿದೆ. ಮಾನ್ಯತೆ ಪಡೆದ ಆಶ್ರಯಗೃಹದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್ ಪ್ರಾಧಿಕಾರ ವಿಳಾಸದ ದಾಖಲೆಯಾಗಿ ಒಪ್ಪುತ್ತದೆ. ಹೊರಡುವ ಹಿಂದಿನ ತಿಂಗಳಲ್ಲೇ ಬ್ಯಾಂಕಿನ ಕೆಲಸ, ಪ್ಯಾನ್ ಅರ್ಜಿ, ಮೊಬೈಲ್ ನಂಬರ್ ಜೋಡಣೆ ಮುಗಿಸಿಕೊಂಡರೆ ಹೊರಗೆ ಬಂದ ಮೇಲಿನ ಅರ್ಧ ಅಲೆದಾಟ ತಪ್ಪುತ್ತದೆ. ಮೊಬೈಲ್ ನಂಬರ್ ಅವನದ್ದೇ ಆಗಿರಬೇಕು. ಸಂಸ್ಥೆಯ ಸಿಬ್ಬಂದಿಯ ನಂಬರ್ ಆಧಾರ್‌ಗೆ ಜೋಡಣೆಯಾಗಿದ್ದರೆ ಪ್ರತಿ ಒಟಿಪಿಗೂ ಅವರಿಗೆ ಫೋನ್ ಮಾಡಬೇಕಾಗುತ್ತದೆ.

ಕಲಬುರಗಿಯ ಮಗು, ಮಹಾರಾಷ್ಟ್ರದ ದಾಖಲೆ

ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಪುಣೆ, ಮುಂಬಯಿ, ಗೋವಾದ ವಾಸ್ಕೊ ಕಡೆಗೆ ಬಂದ ಕುಟುಂಬಗಳ ಮಕ್ಕಳು ಬಾಲಗೃಹ ಸೇರಿದರೆ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಕಾಯ್ದೆಯ 95ನೇ ಕಲಂ ಪ್ರಕಾರ, ಮಗುವಿನ ಹಿತಕ್ಕೆ ಅದೇ ಒಳ್ಳೆಯದೆಂದು ಕಂಡರೆ, ಅದರ ಊರಿನ ಜಿಲ್ಲೆಯ ಸಮಿತಿಯೊಂದಿಗೆ ಸಮಾಲೋಚಿಸಿ ಅಲ್ಲಿಗೆ ವರ್ಗಾಯಿಸಬಹುದು. ಕೇಳಲು ಸರಿಯಾಗಿದೆ. ಆದರೆ ಆರನೇ ವಯಸ್ಸಿನಿಂದ ಪುಣೆಯಲ್ಲಿ ಬೆಳೆದು, ಮರಾಠಿಯಲ್ಲಿ ಓದಿ, ಇಲ್ಲೇ ಗೆಳೆಯರನ್ನು ಮಾಡಿಕೊಂಡ ಹದಿನೇಳರ ಹುಡುಗಿಯನ್ನು ‘ನಿನ್ನ ಊರು’ ಎಂದು ಅವಳಿಗೆ ನೆನಪೇ ಇಲ್ಲದ ಹಳ್ಳಿಗೆ ಕಳಿಸಿದರೆ ಅವಳು ಎರಡೂ ಕಡೆ ಪರದೇಶಿ. ವರ್ಗಾವಣೆಯ ಮಾತು ಮಗು ಸಿಕ್ಕ ಮೊದಲ ತಿಂಗಳುಗಳಲ್ಲಿ ಬರಬೇಕು. ಹದಿನೇಳಕ್ಕೆ ಬಂದರೆ ಅದು ಹೊಣೆ ಜಾರಿಸಿಕೊಳ್ಳುವ ದಾರಿಯಾಗುವ ಅಪಾಯವಿದೆ.

ಇಲ್ಲೇ ಉಳಿದರೆ ಡೊಮಿಸಾಯಿಲ್, ಅಂದರೆ ರಾಜ್ಯದ ಕಾಯಂ ವಾಸದ ಪತ್ರದ ಪ್ರಶ್ನೆ. ಮಹಾರಾಷ್ಟ್ರದಲ್ಲಿ ಹೊರಗಿನಿಂದ ಬಂದವರಿಗೆ ಸಾಮಾನ್ಯವಾಗಿ 15 ವರ್ಷದ ವಾಸ ತೋರಿಸಬೇಕು. ಆರಕ್ಕೆ ಬಂದವಳಿಗೆ ಹದಿನೆಂಟಕ್ಕೆ 12 ವರ್ಷ ಮಾತ್ರ. 15 ಪೂರ್ತಿಯಾಗುವುದು 21ಕ್ಕೆ, ಅಂದರೆ ಅನುಪಾಲನೆ ಮುಗಿಯುವ ದಿನಕ್ಕೆ. ನಡುವಿನ ಮೂರು ವರ್ಷ ಡೊಮಿಸಾಯಿಲ್ ಕೇಳುವ ರಾಜ್ಯದ ಯೋಜನೆಗಳು ಅವಳಿಗೆ ಮುಚ್ಚಿದ ಬಾಗಿಲು. ಗೋವಾದಲ್ಲೂ ವಾಸದ ಪತ್ರಕ್ಕೆ 15 ವರ್ಷದ ಲೆಕ್ಕವೇ. ರಾಜ್ಯದ ನೌಕರಿಗೆ ಕೊಂಕಣಿ ಜ್ಞಾನವೂ ಬೇಕು. ಬೈನಾ, ಝುವಾರಿನಗರದ ಕನ್ನಡ ಮನೆಗಳಿಗೆ ಇದು ಹೊಸ ಮಾತಲ್ಲ. ಒಂದು ವಿಷಯವನ್ನಂತೂ ಒತ್ತಿ ಹೇಳಬೇಕು: ಅನುಪಾಲನೆಯ ವ್ಯಾಖ್ಯೆಯಲ್ಲಿ ಡೊಮಿಸಾಯಿಲ್ ಎಂಬ ಮಾತೇ ಇಲ್ಲ. ಸಂಸ್ಥೆ ಬಿಟ್ಟಿರಬೇಕು, ವಯಸ್ಸು ಹೊಂದಬೇಕು, ಅಷ್ಟೇ. ಕೌಂಟರಿನಲ್ಲಿ ಆ ಪತ್ರ ಕೇಳಿದರೆ ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳುವುದು ತಪ್ಪಲ್ಲ.

ಜಾತಿ ಪ್ರಮಾಣಪತ್ರ ಇನ್ನೂ ಕಠಿಣ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿಗಳಿಗೆ 21 ನವೆಂಬರ್ 1961, ಇತರ ಹಿಂದುಳಿದವರಿಗೆ 13 ಅಕ್ಟೋಬರ್ 1967ರ ಹೊತ್ತಿಗೆ ಕುಟುಂಬ ಈ ರಾಜ್ಯದಲ್ಲಿತ್ತು ಎಂಬ ದಾಖಲೆ ಬೇಕು. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ಇನ್ನೊಂದು ರಾಜ್ಯಕ್ಕೆ ತಾನಾಗಿ ಹಿಂಬಾಲಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು. ಆ ಪ್ರಕರಣ ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ್ದು. 2018ರಲ್ಲಿ ಸಂವಿಧಾನ ಪೀಠವೂ ಅದೇ ತತ್ವವನ್ನು ಎತ್ತಿಹಿಡಿಯಿತು. ಹೀಗಾಗಿ ತೊಂಬತ್ತರ ದಶಕದಲ್ಲಿ ಬಂದ ಕುಟುಂಬದ ಮಗುವಿಗೆ ಮಹಾರಾಷ್ಟ್ರದ ಮೀಸಲಾತಿಗಿಂತ, ಕರ್ನಾಟಕ ಮೂಲದ ತಂದೆಯ ದಾಖಲೆಯ ಮೇಲೆ ಸಿಗುವ ಪತ್ರ ಹಿಡಿದು ರೈಲ್ವೆಯಂಥ ಕೇಂದ್ರದ ನೇಮಕಾತಿಗೆ ಪ್ರಯತ್ನಿಸುವುದು ಹೆಚ್ಚು ಫಲ ಕೊಡಬಹುದು. ತಂದೆಯ ಊರು, ತಾಲ್ಲೂಕು, ಶಾಲೆಯ ಹೆಸರನ್ನು ಕಡತದಲ್ಲಿ ಬರೆದಿಡದೆ ಹೋದರೆ ಅದೂ ಸಿಗುವುದಿಲ್ಲ. ಮಗು ದಾಖಲಾದ ದಿನ ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಕೇಳಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿದ್ದ ಮಾಹಿತಿ ಅದು.

ನಾಲ್ಕು ಸಾವಿರಕ್ಕೆ ಏನು ಬರುತ್ತದೆ

ಮುಂಬಯಿಯಲ್ಲಿ 4,000 ರೂಪಾಯಿಗೆ ಒಬ್ಬರು ಬಾಳಲಾರರು. ಆರು ಜನ ಸೇರಿದರೆ ಲೆಕ್ಕ ಬದಲಾಗುತ್ತದೆ. ಅಂಬರನಾಥ, ಬದಲಾಪುರದಂಥ ಕಡೆ 12,000 ಬಾಡಿಗೆಯ, 40,000 ಡಿಪಾಸಿಟ್‌ನ ಮನೆ ಎಂದಿಟ್ಟುಕೊಳ್ಳೋಣ. ತಲೆಗೆ 2,000 ಬಾಡಿಗೆ. ಉಳಿದ 2,000ದಲ್ಲಿ ಖಾನಾವಳಿಯ ಎರಡು ಹೊತ್ತಿನ ಊಟ ತಿಂಗಳು ಪೂರ್ತಿ ಬರುವುದಿಲ್ಲ. ಲೋಕಲ್ ಪಾಸು, ಮೊಬೈಲು, ಪರೀಕ್ಷೆಯ ಶುಲ್ಕ ಬೇರೆ. ಅಂದರೆ ಸರ್ಕಾರದ ಹಣ ಖೋಲಿಗೆ ಮತ್ತು ಅರ್ಧ ಊಟಕ್ಕೆ. ಮಿಕ್ಕಿದ್ದು ದುಡಿಮೆಯಿಂದ ಅಥವಾ ದಾನದಿಂದ ಬರಬೇಕು.

ಕರಾರಿನ ಖರ್ಚು ಜನ ಅಂದುಕೊಂಡಷ್ಟಿಲ್ಲ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನ ಮುದ್ರಾಂಕ ಶುಲ್ಕ ಶೇ 0.25. ಒಟ್ಟು ಬಾಡಿಗೆಗೆ, ಹಿಂದಿರುಗಿಸುವ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ 10ರಂತೆ ಕಲ್ಪಿತ ಬಡ್ಡಿ ಸೇರಿಸಿ ಲೆಕ್ಕ ಹಾಕುತ್ತಾರೆ. ಮೇಲಿನ ಉದಾಹರಣೆಯಲ್ಲಿ 11 ತಿಂಗಳ ಬಾಡಿಗೆ 1,32,000, ಕಲ್ಪಿತ ಬಡ್ಡಿ ಸುಮಾರು 3,667. ಶುಲ್ಕ 400ರ ಒಳಗೆ. ನಗರದಲ್ಲಿ ನೋಂದಣಿಗೆ 1,000. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ನೋಂದಣಿಯನ್ನು ಕಡ್ಡಾಯ ಮಾಡಿ, ಹೊಣೆಯನ್ನು ಮನೆ ಮಾಲೀಕರ ಮೇಲೆ ಹಾಕಿದೆ. ನೋಂದಣಿಯಾದ ಕರಾರೇ ವಿಳಾಸದ ದಾಖಲೆ. ಬರಿಯ ಬಾಂಡ್ ಕಾಗದದಲ್ಲಿ ಬರೆದದ್ದು ಬ್ಯಾಂಕಿನಲ್ಲಿ ನಿಲ್ಲುವುದು ಕಷ್ಟ.

ನಿಜವಾದ ಅಡ್ಡಿ ಬೇರೆ. ಹದಿನೆಂಟರ ಆರು ಹುಡುಗರಿಗೆ ಹೌಸಿಂಗ್ ಸೊಸೈಟಿಗಳು ಮನೆ ಕೊಡುವುದಿಲ್ಲ. ‘ಅಪ್ಪನ ನಂಬರ್ ಕೊಡಿ’ ಎಂಬ ಮೊದಲ ಪ್ರಶ್ನೆಗೇ ಮಾತು ನಿಲ್ಲುತ್ತದೆ. ನೋಂದಾಯಿತ ಸಂಘ ಅಥವಾ ಟ್ರಸ್ಟ್ ತಾನೇ ಕರಾರಿಗೆ ಸಹಿ ಹಾಕಿದರೆ ಈ ಗೋಡೆ ಒಡೆಯುತ್ತದೆ. ಒಬ್ಬ ಹುಡುಗ ಹೊರಟು ಇನ್ನೊಬ್ಬ ಬಂದರೂ ಕರಾರು ಬದಲಿಸಬೇಕಿಲ್ಲ. ವಾಸಿಗಳ ವಿವರವನ್ನು ಪೊಲೀಸರಿಗೆ ತಿಳಿಸಿದರೆ ಸಾಕು. ಆದರೆ ಪ್ರತಿ ವಾಸಿಯ ಹೆಸರೂ ಕರಾರಿನ ಜೊತೆಗಿನ ಪಟ್ಟಿಯಲ್ಲಿ ಬರಲಿ. ಇಲ್ಲದಿದ್ದರೆ ವಿಳಾಸ ಸಂಘಕ್ಕೆ ಸಿಗುತ್ತದೆ, ಹುಡುಗನಿಗೆ ಸಿಗುವುದಿಲ್ಲ.

ಹೋಟೆಲಿನ ಕೆಲಸ, ಹೋಟೆಲಿನ ರೂಮು

ಕನ್ನಡಿಗರ ನಡುವೆ ಇಂಥ ಹುಡುಗನ ಮಾತು ಬಂದಾಗ ತಕ್ಷಣ ಹೊಳೆಯುವ ಪರಿಹಾರ ಹೋಟೆಲು. ಕೆಲಸ, ಊಟ, ಮಲಗಲು ಜಾಗ ಒಂದೇ ಕಡೆ. ಕರಾವಳಿಯಿಂದ ಬಂದ ತಲೆಮಾರುಗಳು ಹೀಗೇ ಮೇಲೆ ಬಂದವು ಎಂಬುದು ನಿಜ. ಹಗಲು ಹೋಟೆಲಿನಲ್ಲಿ ದುಡಿದವರಿಗಾಗಿ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದವು ರಾತ್ರಿಶಾಲೆ ನಡೆಸಿದ್ದು ಮುಂಬಯಿ ಕನ್ನಡಿಗರು ಹೆಮ್ಮೆಪಡಬೇಕಾದ ಕೆಲಸ.

ಆದರೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಆ ಹುಡುಗರ ಹಿಂದೆ ಊರಿತ್ತು. ಮಾಲೀಕರೊಂದಿಗೆ ಜಗಳವಾದರೆ ದಾದರಿನಲ್ಲಿ ಬಸ್ ಹತ್ತಿ ಮನೆಗೆ ಹೋಗಬಹುದಿತ್ತು, ಅಥವಾ ಮಾಟುಂಗದ ಮಾವನ ಖೋಲಿಯಲ್ಲಿ ವಾರ ಕಳೆಯಬಹುದಿತ್ತು. ಬಾಲಗೃಹದಿಂದ ಬಂದವನಿಗೆ ಕೆಲಸ ಹೋದ ರಾತ್ರಿಯೇ ಹಾಸಿಗೆಯೂ ಹೋಗುತ್ತದೆ. ಇದರ ಪರಿಣಾಮ ಜಗಳವಾಗುವ ಮೊದಲೇ ಶುರುವಾಗುತ್ತದೆ: ಸಂಬಳ ಬಾಕಿಯಾದರೂ, ಹನ್ನೆರಡು ಗಂಟೆ ದುಡಿಸಿದರೂ ಅವನು ಬಾಯಿ ತೆರೆಯುವುದಿಲ್ಲ. ಆದ್ದರಿಂದ ಕೆಲಸ ಕೊಡುವವರು ಒಬ್ಬರು, ವಾಸ ಕೊಡುವವರು ಇನ್ನೊಬ್ಬರು ಇರಬೇಕು. ಕನಿಷ್ಠ ಮೊದಲ ವರ್ಷ. ಹೋಟೆಲಿನ ರೂಮೇ ಗತಿಯಾದರೆ, ಕೆಲಸ ಬಿಟ್ಟರೂ 30 ದಿನ ಜಾಗ ಉಳಿಯುತ್ತದೆ ಎಂದು ಮೊದಲೇ ಬರಹದಲ್ಲಿ ಪಡೆಯಬೇಕು. ಒಳ್ಳೆಯ ಮಾಲೀಕರಿಗೆ ಇದು ಭಾರವಲ್ಲ.

ಸಂಬಳ ಖಾತೆಗೇ ಬರಲಿ. ಇಎಸ್‌ಐ ಎಂಬ ಕಾರ್ಮಿಕರ ಆರೋಗ್ಯ ವಿಮೆ ಅನ್ವಯಿಸುವ ಕಡೆ, 21,000ದವರೆಗಿನ ಸಂಬಳದಲ್ಲಿ ಕಾರ್ಮಿಕನಿಂದ ಕಡಿತವಾಗುವುದು ಶೇ 0.75 ಮಾತ್ರ. ಸಂಸ್ಥೆಯ ಡಾಕ್ಟರು ಕೈಬಿಟ್ಟ ಮೇಲೆ ಆಸ್ಪತ್ರೆಯ ಬಾಗಿಲು ಅದೇ. ಪಿಎಫ್ ಫಾರ್ಮಿನ ನಾಮಿನಿ ಅಂಕಣದ ಮುಂದೆ ಇವರು ಪೆನ್ನು ಹಿಡಿದು ಕೂತುಬಿಡುತ್ತಾರೆ. ಕುಟುಂಬವಿಲ್ಲದವರು ಯಾರನ್ನಾದರೂ ಹೆಸರಿಸಬಹುದು, ಮದುವೆಯಾದ ಮೇಲೆ ಆ ಹೆಸರು ರದ್ದಾಗಿ ಹೊಸದು ಕೊಡಬೇಕು. ಇದನ್ನು ಹೇಳಿಕೊಡುವವರೊಬ್ಬರು ಆ ದಿನ ಪಕ್ಕದಲ್ಲಿರಬೇಕು.

ಓದು ಬಿಟ್ಟವರಿಗೆ ಮಹಾರಾಷ್ಟ್ರ ಮಂಡಳಿಯ 17 ನಂಬರ್ ಫಾರ್ಮ್ ಇದೆ; ಖಾಸಗಿಯಾಗಿ ಹತ್ತನೆಯ, ಹನ್ನೆರಡನೆಯ ಪರೀಕ್ಷೆಗೆ ಕೂರಬಹುದು. ರಾಜ್ಯದ ಯುವ ಕಾರ್ಯ ಪ್ರಶಿಕ್ಷಣ ಯೋಜನೆಗೆ ಕನಿಷ್ಠ ಹನ್ನೆರಡನೆಯ ತರಗತಿ ಆಗಿರಬೇಕು. ಆಗ ತಿಂಗಳಿಗೆ 6,000, ಐಟಿಐ ಅಥವಾ ಡಿಪ್ಲೊಮಾ ಆದರೆ 8,000, ಪದವಿಗೆ 10,000 ಎಂದು 2024ರಲ್ಲಿ ನಿಗದಿಯಾಗಿತ್ತು. ಹತ್ತಕ್ಕೇ ನಿಲ್ಲಿಸಿ ಕೆಲಸಕ್ಕೆ ಹಚ್ಚುವ ಆತುರದಲ್ಲಿ ಕಳೆದುಹೋಗುವುದು ಈ ಮೆಟ್ಟಿಲು.

ಬೇರೆ ಬೇರೆ ವಾದಗಳು

ಸಂಸ್ಥೆ ನಡೆಸುವವರಲ್ಲಿ ಹಲವರು 21ರವರೆಗೆ ಮಕ್ಕಳನ್ನು ಅನುರಕ್ಷಣ ಗೃಹದಲ್ಲೇ ಇಡಿ ಎನ್ನುತ್ತಾರೆ. ಹೆಣ್ಣುಮಕ್ಕಳ ಸುರಕ್ಷತೆಯ ಮಟ್ಟಿಗೆ ಈ ಮಾತಿಗೆ ತೂಕವಿದೆ. ಆದರೆ ಗಂಟೆ ಬಾರಿಸಿದಾಗ ಊಟ, ಅನುಮತಿ ಪಡೆದು ಹೊರಗೆ ಎಂಬ ಬದುಕು ಇನ್ನೂ ಮೂರು ವರ್ಷ ನಡೆದರೆ, ಗ್ಯಾಸ್ ಬುಕ್ ಮಾಡುವುದು, ಸಂಬಳವನ್ನು ತಿಂಗಳ ಕೊನೆಯವರೆಗೆ ಎಳೆಯುವುದು ಕಲಿಯುವ ಕೆಲಸ ಮೂರು ವರ್ಷ ಮುಂದಕ್ಕೆ ಹೋಗುತ್ತದೆ ಅಷ್ಟೆ. ಗುಂಪುಮನೆಯ ಪರವಾಗಿರುವವರ ವಾದ ಇದು. ಗುಂಪುಮನೆಗೆ ತಿಂಗಳಿಗೊಮ್ಮೆಯಾದರೂ ಬಂದು ಹೋಗುವ ಹಿರಿಯರಿಲ್ಲದಿದ್ದರೆ ಅದು ಮೂರೇ ತಿಂಗಳಲ್ಲಿ ಒಡೆಯಬಹುದು ಎಂಬುದೂ ಅಷ್ಟೇ ಸತ್ಯ.

ಆಡಳಿತದ ಕಡೆಯಿಂದ ಬರುವ ಮಾತು: 18 ತುಂಬಿದ ಮೇಲೆ ಪ್ರಜೆ, ಎಲ್ಲರಿಗಿರುವ ಯೋಜನೆಗಳು ಇವರಿಗೂ ಇವೆ. ಆದರೆ ಆ ಯೋಜನೆಗಳ ವಯಸ್ಸು ನೋಡಿ. ಮಹಿಳೆಯರಿಗೆ ತಿಂಗಳ ನೆರವು ಕೊಡುವ ರಾಜ್ಯದ ಲಾಡ್ಕಿ ಬಹೀಣ್ 21ರಿಂದ, ಪ್ರಧಾನಮಂತ್ರಿ ಇಂಟರ್ನ್‌ಶಿಪ್ 2024ರಲ್ಲಿ ಶುರುವಾದಾಗ 21ರಿಂದ 24ರವರೆಗೆ. ಕೈ ಬಿಡುವುದು 18ಕ್ಕೆ, ಮತ್ತೆ ಹಿಡಿಯುವುದು 21ಕ್ಕೆ. ಅನುಪಾಲನೆ ಇರುವುದೇ ಈ ಮೂರು ವರ್ಷದ ಕಂದಕಕ್ಕೆ. ಆದ್ದರಿಂದ ‘ನೀಡಬಹುದು’ ಎಂಬುದು ‘ನೀಡತಕ್ಕದ್ದು’ ಆಗಬೇಕೆಂಬ ಬೇಡಿಕೆ ನ್ಯಾಯವಾದದ್ದು.

ಸಂಘಗಳಿಗೆ ತೆರೆದ ಬಾಗಿಲು

ಅನುಪಾಲನೆಗೆ ನೆರವಾಗಲು ಮುಂದೆ ಬರುವ ಸಂಸ್ಥೆಗಳ, ವ್ಯಕ್ತಿಗಳ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಡಬೇಕು, ಸಮಿತಿಗೂ ಎಲ್ಲ ಬಾಲಗೃಹಗಳಿಗೂ ಕಳಿಸಬೇಕು ಎಂದು 25ನೇ ನಿಯಮ ಹೇಳುತ್ತದೆ. ಕನ್ನಡ ಸಂಘಗಳು ಹೊಗಬೇಕಾದ ಬಾಗಿಲು ಇದು. ಪತ್ರ ಬರೆಯುವಾಗ ಮುಂಬಯಿ ನಗರ, ಮುಂಬಯಿ ಉಪನಗರ, ಠಾಣೆ, ಪಾಲಘರ್, ಪುಣೆ ಬೇರೆ ಬೇರೆ ಜಿಲ್ಲೆಗಳು ಎಂಬುದು ನೆನಪಿರಲಿ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ತಲುಪುತ್ತದೆ ಎಂದುಕೊಳ್ಳಬಾರದು.

‘ಸಕಲ ಸಹಕಾರ ನೀಡುತ್ತೇವೆ’ ಎಂಬ ಪತ್ರ ಕಡತ ಸೇರಿ ಮಲಗುತ್ತದೆ. ಬದಲಿಗೆ ಏನು, ಎಷ್ಟು ಎಂದು ನಿಖರವಾಗಿ ಬರೆಯಬೇಕು: ಎರಡು ಹಾಸಿಗೆ, 11 ತಿಂಗಳು, ಡೊಂಬಿವಲಿ. 17 ನಂಬರ್ ಫಾರ್ಮಿನ ಶುಲ್ಕ, ವರ್ಷಕ್ಕೆ ನಾಲ್ವರಿಗೆ. ಅಡುಗೆಮನೆ ಅಥವಾ ಲೆಕ್ಕಪತ್ರದ ತರಬೇತಿ, ಆರು ತಿಂಗಳು. ಕನ್ನಡ ಮಾತಾಡುವ ಮಗು ದಾಖಲಾದರೆ ದುಭಾಷಿಯಾಗಿ ಬರುವವರ ಫೋನ್ ನಂಬರ್. ಹೀಗೆ ಬರೆದರೆ ಸಮಿತಿ ಅದನ್ನು ಆದೇಶದಲ್ಲೇ ಸೇರಿಸಬಹುದು. ಒಬ್ಬ ಯುವಕನಿಗೆ ಒಬ್ಬ ಹಿರಿಯರು ಗೊತ್ತಾಗಿರಲಿ, ಅದಕ್ಕೆ ಸಂಘ ಮತ್ತೊಂದು ಸಮಿತಿ ಮಾಡುವುದು ಬೇಡ. ಮೊದಲ ವಾರ ದಿನಾ ಒಂದು ಫೋನು, ಮೊದಲ ಮೂರು ತಿಂಗಳು ವಾರಕ್ಕೊಂದು ಭೇಟಿ. ಬಹಳಷ್ಟು ಕುಸಿತ ಆಗುವುದು ಈ ಅವಧಿಯಲ್ಲೇ, ಅದೂ ಹಬ್ಬದ ರಜೆಯಲ್ಲಿ ಎಲ್ಲರೂ ಊರಿಗೆ ಹೋಗಿ ಖೋಲಿ ಖಾಲಿಯಾದಾಗ.

ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ‘ಅನಾಥ ಬಾಲಕನಿಗೆ ನೆರವು’ ಎಂದು ಫೋಟೊ ಹಾಕುವುದು ಬೇಡ. ಇಂಥ ಮಕ್ಕಳ ಗುರುತು ಬಹಿರಂಗ ಮಾಡುವುದನ್ನು ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. 18 ದಾಟಿದ ಮೇಲೂ ಅವನ ಹಿನ್ನೆಲೆ ಹೇಳುವ ಹಕ್ಕು ಅವನದ್ದೇ. ಒಂದು ಫೋಟೊದಿಂದ ಮುಂದಿನ ಮನೆ ಮಾಲೀಕ, ಮುಂದಿನ ಹೆಣ್ಣಿನ ಕಡೆಯವರು ಎಲ್ಲರಿಗೂ ಅವನ ಕಥೆ ಮೊದಲೇ ತಿಳಿದಿರುತ್ತದೆ.

ಇಪ್ಪತ್ತೊಂದರ ಅಂಚಿನಲ್ಲಿ

ಡಿಪ್ಲೊಮಾ, ನರ್ಸಿಂಗ್, ಪದವಿ ಮಾಡುತ್ತಿರುವವರಿಗೆ 21 ತುಂಬುವುದು ಬಹುಪಾಲು ಕೋರ್ಸಿನ ನಡುವೆ. ಎರಡು ವರ್ಷದ ವಿಸ್ತರಣೆ ಇರುವುದು ಇಂಥವರಿಗೇ, ಆದರೆ ಅದಕ್ಕೂ ಆದೇಶ ಬೇಕು. 20 ವರ್ಷ 9 ತಿಂಗಳಿಗೆ ಅರ್ಜಿ ಹಾಕುವುದು ಒಳ್ಳೆಯದು. ಜೊತೆಗೆ ಕಾಲೇಜಿನ ಬೋನಫೈಡ್ ಪತ್ರ, ಕಳೆದ ಸೆಮಿಸ್ಟರಿನ ಅಂಕಪಟ್ಟಿ, ಶುಲ್ಕದ ರಸೀದಿ, ಕೋರ್ಸು ಮುಗಿಯುವ ತಿಂಗಳು, ಬಾಡಿಗೆ ಕರಾರಿನ ಪ್ರತಿ. ಚಿಕಿತ್ಸೆಯಲ್ಲಿರುವವರಾದರೆ ಆಸ್ಪತ್ರೆಯ ಕಾಗದ. ಅರ್ಜಿ ಕೊಟ್ಟ ಸ್ವೀಕೃತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಂಡು, ಒಂದು ಪ್ರತಿಯನ್ನು ಜೊತೆಗಿರುವ ಹಿರಿಯರ ಕೈಯಲ್ಲಿ ಇಡಬೇಕು. ಆರಕ್ಕೆ ಇಲ್ಲಿಗೆ ಬಂದವರಾದರೆ, ಡೊಮಿಸಾಯಿಲ್ ಅರ್ಜಿಗೆ ಬೇಕಾದ 15 ವರ್ಷದ ಶಾಲಾ ಮತ್ತು ವಾಸದ ದಾಖಲೆಯನ್ನು ಬಾಲಗೃಹದಿಂದ ಕೇಳಿ ಪಡೆಯುವ ತಿಂಗಳೂ ಅದೇ.